ಗೃಹ ವಿದ್ಯುತ್ ಫಲಕದ ನವೀಕರಣ

ಗೃಹ ವಿದ್ಯುತ್ ಫಲಕದ ನವೀಕರಣ ಎಂದರೆ ವಾಸದ ಮನೆಯಲ್ಲಿ ಮೀಟರಿನ ನಂತರ ಬರುವ ಮುಖ್ಯ ವಿದ್ಯುತ್ ಫಲಕವನ್ನು ಬದಲಿಸುವುದು, ವಿಸ್ತರಿಸುವುದು ಅಥವಾ ಅದಕ್ಕೆ ಹೊಸ ರಕ್ಷಣಾ ಸಾಧನಗಳನ್ನು ಸೇರಿಸುವುದು. ಈ ಫಲಕವನ್ನು ಆಡುಮಾತಿನಲ್ಲಿ ಮೇನ್ ಬೋರ್ಡ್, ಡಿ.ಬಿ. ಅಥವಾ ಎಂ.ಸಿ.ಬಿ. ಬಾಕ್ಸ್ ಎಂದು ಕರೆಯುತ್ತಾರೆ. ಗೀಜರ್, ಹವಾನಿಯಂತ್ರಕ, ನೀರಿನ ಮೋಟಾರು ಮುಂತಾದ ಹೆಚ್ಚು ಶಕ್ತಿಯ ಉಪಕರಣಗಳು ಮನೆಗೆ ಬಂದಾಗ, ಮನೆಯ ಮೇಲೆ ಮತ್ತೊಂದು ಅಂತಸ್ತು ಎದ್ದಾಗ ಅಥವಾ ಹಳೆಯ ಫ್ಯೂಸ್ ಪದೇ ಪದೇ ಸುಟ್ಟಾಗ ಈ ಪ್ರಶ್ನೆ ಏಳುತ್ತದೆ. ಫಲಕದ ವಯಸ್ಸು ಅಥವಾ ಗಾತ್ರ ಮಾತ್ರ ಈ ನಿರ್ಧಾರಕ್ಕೆ ಆಧಾರವಾಗುವುದಿಲ್ಲ. ಮನೆಯ ಒಳತಂತಿ, ನೆಲಸಂಪರ್ಕ, ಏಕಕಾಲದಲ್ಲಿ ಬಳಸುವ ಹೊರೆ ಮತ್ತು ಸೋರಿಕೆಯ ರಕ್ಷಣೆ ಎಂಬ ನಾಲ್ಕನ್ನೂ ಒಟ್ಟಿಗೆ ಪರಿಶೀಲಿಸಬೇಕಾಗುತ್ತದೆ. ಈ ಲೇಖನವು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ಮನೆಗಳನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಫಲಕದ ರಚನೆ

ವಿತರಣಾ ಕಂಬದಿಂದ ಸಾಮಾನ್ಯ ಮನೆಗೆ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳು ಬರುತ್ತವೆ. ಇವುಗಳ ನಡುವಿನ ವೋಲ್ಟೇಜ್ 230, ಆವರ್ತನ 50 ಹರ್ಟ್ಸ್. ಮೀಟರನ್ನು ದಾಟಿದ ವಿದ್ಯುತ್ತು ಮುಖ್ಯ ಸ್ವಿಚ್ಚಿನ ಮೂಲಕ ಫಲಕವನ್ನು ಸೇರುತ್ತದೆ. ಅಲ್ಲಿಂದ ದೀಪ ಮತ್ತು ಫ್ಯಾನು, ಅಡುಗೆಮನೆ, ಸ್ನಾನಗೃಹ, ಮೋಟಾರು ಎಂದು ಬೇರೆ ಬೇರೆ ಶಾಖೆಗಳಾಗಿ ಒಡೆಯುತ್ತದೆ. ಪ್ರತಿ ಶಾಖೆಗೂ ಒಂದು ರಕ್ಷಣಾ ಸಾಧನ ಇರುತ್ತದೆ.

ಹಳೆಯ ಫಲಕದಲ್ಲಿ ಮರದ ಹಲಗೆಯ ಮೇಲೆ ಕಬ್ಬಿಣದ ಪೆಟ್ಟಿಗೆಯ ಮುಖ್ಯ ಸ್ವಿಚ್ಚು ಮತ್ತು ಪಿಂಗಾಣಿಯ ಫ್ಯೂಸುಗಳು ಇರುತ್ತವೆ. ಹೊಸ ಫಲಕದಲ್ಲಿ ತಗಡಿನ ಅಥವಾ ಬೆಂಕಿಗೆ ಸುಲಭವಾಗಿ ಹೊತ್ತಿಕೊಳ್ಳದ ಪ್ಲಾಸ್ಟಿಕ್ಕಿನ ಪೆಟ್ಟಿಗೆಯೊಳಗೆ ಮೂರು ಬಗೆಯ ಸಾಧನಗಳನ್ನು ಕೂಡಿಸಿರುತ್ತಾರೆ. ಮೊದಲನೆಯದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಮ್ಮೆಲೇ ಕಡಿಯುವ ಮುಖ್ಯ ಸ್ವಿಚ್ಚು. ಎರಡನೆಯದು ಪ್ರತಿ ಶಾಖೆಯ ಎಂ.ಸಿ.ಬಿ.; ಇದು ಅತಿಹೊರೆ ಮತ್ತು ಶಾರ್ಟ್ ಸರ್ಕ್ಯೂಟ್ ಆದಾಗ ತಾನಾಗಿಯೇ ಬೀಳುತ್ತದೆ. ಮೂರನೆಯದು ಆರ್.ಸಿ.ಸಿ.ಬಿ. ಎಂಬ ಸೋರಿಕೆ ರಕ್ಷಕ. ಇದು ಫೇಸಿನಲ್ಲಿ ಹೋದ ಪ್ರವಾಹ ಪೂರ್ತಿಯಾಗಿ ನ್ಯೂಟ್ರಲ್ಲಿನಲ್ಲಿ ಹಿಂದಿರುಗದೆ ಬೇರೆ ದಾರಿ ಹಿಡಿದಾಗ ಬೀಳುತ್ತದೆ. ಜನಬಳಕೆಯಲ್ಲಿ ಇದನ್ನು ಇ.ಎಲ್.ಸಿ.ಬಿ. ಎಂದೂ ಹೇಳುವುದುಂಟು.

ಹಿನ್ನೆಲೆ

ಹಳೆಯ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರನ್ನೂ ತಲಪಿತು. ಬೀದರ್ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದುದರಿಂದ ಅದರ ವಿದ್ಯುದೀಕರಣದ ಇತಿಹಾಸ ಬೇರೆ. ರಾಜ್ಯ ಪುನರ್ವಿಂಗಡಣೆಯ ಮರುವರ್ಷ, 1957ರಲ್ಲಿ, ಮುಂದೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ ಎಂದು ಹೆಸರಾದ ಮಂಡಳಿ ರಚನೆಗೊಂಡು ಈ ಭಾಗವೂ ಅದರ ವ್ಯಾಪ್ತಿಗೆ ಬಂದಿತು. 1999ರ ಸುಧಾರಣೆಯಲ್ಲಿ ಮಂಡಳಿಯ ಸ್ಥಾನಕ್ಕೆ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂದಿತು. ಅದೇ ವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಸ್ಥಾಪನೆಯಾಯಿತು. 2002ರಲ್ಲಿ ವಿತರಣೆಯ ಹೊಣೆ ಪ್ರಾದೇಶಿಕ ಕಂಪನಿಗಳಿಗೆ ಹಂಚಿಕೆಯಾದಾಗ ಬೀದರ್ ಜಿಲ್ಲೆಯು ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಜೆಸ್ಕಾಂಗೆ, ಸೇರಿತು.

ಹಿಂದಿನ ತಲೆಮಾರಿನ ಮನೆಗಳಲ್ಲಿ ವಿದ್ಯುತ್ತಿನ ಬಳಕೆ ಬಹುಮಟ್ಟಿಗೆ ದೀಪಗಳಿಗೆ ಸೀಮಿತವಾಗಿತ್ತು. ಫ್ಯಾನು, ರೇಡಿಯೊ ಆಮೇಲೆ ಬಂದವು. ಅಷ್ಟು ಹೊರೆಗೆ ಒಂದೆರಡು ಪಿಂಗಾಣಿ ಫ್ಯೂಸುಗಳು ಸಾಕಾಗುತ್ತಿದ್ದವು. ಆ ಕಾಲದ ಒಳತಂತಿ ಹಲವೆಡೆ ಅಲ್ಯೂಮಿನಿಯಂನದು. ಅದನ್ನು ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಕೂಡಿಸುತ್ತಿದ್ದರು. ಎಂ.ಸಿ.ಬಿ.ಯ ಮೂಲ ರೂಪಕ್ಕೆ ಜರ್ಮನಿಯಲ್ಲಿ 1924ರಲ್ಲಿ ಹಕ್ಕುಪತ್ರ ದೊರೆತಿದ್ದರೂ ಭಾರತದ ಸಾಮಾನ್ಯ ಮನೆಗಳಲ್ಲಿ ಅದು ಹರಡಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಸೋರಿಕೆ ರಕ್ಷಕದ ಬಳಕೆ ಇನ್ನೂ ತಡವಾಗಿ ಆರಂಭವಾಯಿತು. ಆದ್ದರಿಂದ ಒಂದೇ ಬೀದಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯ ಹಳೆಯ ಮತ್ತು ಹೊಸ ಭಾಗಗಳಲ್ಲಿ, ಮೂರು ಕಾಲಗಳ ತಂತಿಯೂ ರಕ್ಷಣೆಯೂ ಒಟ್ಟಿಗೆ ಕಾಣಸಿಗುತ್ತವೆ.

ಬಸವಕಲ್ಯಾಣ ಮತ್ತು ಹುಮನಾಬಾದಿನ ಸನ್ನಿವೇಶ

ಬಸವಕಲ್ಯಾಣವು ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಮತ್ತು ಹನ್ನೆರಡನೆಯ ಶತಮಾನದ ಶರಣರ ಕಾರ್ಯಕ್ಷೇತ್ರವಾಗಿದ್ದ ಪಟ್ಟಣ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿದ್ದು ವೀರಭದ್ರೇಶ್ವರ ದೇವಾಲಯಕ್ಕೆ ಹೆಸರಾಗಿದೆ. ಎರಡೂ ತಾಲ್ಲೂಕು ಕೇಂದ್ರಗಳು. ಇಲ್ಲಿಯ ಮನೆಗಳ ವಿದ್ಯುತ್ ವ್ಯವಸ್ಥೆಯ ಮೇಲೆ ಸ್ಥಳೀಯವಾದ ನಾಲ್ಕು ಸಂಗತಿಗಳು ಪ್ರಭಾವ ಬೀರುತ್ತವೆ.

ಮೊದಲನೆಯದು ಕಟ್ಟಡದ ಬಗೆ. ಹಳೆಯ ಪೇಟೆಯಲ್ಲಿ ದಪ್ಪ ಕಲ್ಲುಗೋಡೆಯ, ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ ಮನೆಗಳು ಇವೆ. ಇಂಥ ಗೋಡೆಗಳಲ್ಲಿ ಕೊಳವೆ ಹುದುಗಿಸುವುದು ಕಷ್ಟವಾದ್ದರಿಂದ ತಂತಿ ತೊಲೆಗಳ ಗುಂಟ ಹೊರಗೇ ಸಾಗುತ್ತದೆ. ಮಳೆಗಾಲದಲ್ಲಿ ಮಾಳಿಗೆ ಜಿನುಗಿದರೆ ಜೋಡಣೆಗಳಿಗೆ ತೇವ ತಗಲುತ್ತದೆ. ಇಲಿ ಕಡಿದ ತಂತಿಯ ಪಕ್ಕದಲ್ಲಿಯೇ ಒಣಗಿದ ಮರ ಇರುವುದರಿಂದ ಬೆಂಕಿಯ ಅಪಾಯವೂ ಹೆಚ್ಚು.

ಎರಡನೆಯದು ಬೇಸಿಗೆ. ಮೇ ತಿಂಗಳಿನಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸನ್ನು ಸಮೀಪಿಸುತ್ತದೆ. ಪರಿಸರ ಬಿಸಿಯಾದಷ್ಟೂ ತಂತಿ ತನ್ನ ಶಾಖವನ್ನು ಹೊರಹಾಕುವುದು ಕಡಿಮೆಯಾಗಿ, ಅದು ಸುರಕ್ಷಿತವಾಗಿ ಹೊರಬಲ್ಲ ಪ್ರವಾಹವೂ ಇಳಿಯುತ್ತದೆ. ಕೂಲರ್ ಮತ್ತು ಹವಾನಿಯಂತ್ರಕಗಳ ಬಳಕೆ ಏರುವುದೂ ಅದೇ ದಿನಗಳಲ್ಲಿ. ತಗಡಿನ ಮೈಯುಳ್ಳ ಕೂಲರಿನಲ್ಲಿ ನೀರು, ಲೋಹ ಮತ್ತು ವಿದ್ಯುತ್ತು ಒಂದೆಡೆ ಸೇರುತ್ತವೆ. ಎರಡು ಕಡ್ಡಿಯ ಪ್ಲಗ್ಗಿನಿಂದ ಅದನ್ನು ನಡೆಸಿದರೆ ನೆಲಸಂಪರ್ಕವೇ ಇರುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ನೀರು ತುಂಬಿಸುವವರಿಗೆ, ಪಕ್ಕದಲ್ಲಿ ಆಡುವ ಮಕ್ಕಳಿಗೆ ಇದು ಪ್ರಾಣಾಪಾಯ ತರಬಲ್ಲದು.

ಮೂರನೆಯದು ನೆಲ. ಹುಮನಾಬಾದ್ ತಾಲ್ಲೂಕಿನಲ್ಲಿ ಜಂಬಿಟ್ಟಿಗೆಯ ಕೆಂಪು ಮಣ್ಣು ಪ್ರಧಾನ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಕೆಂಪು ಮತ್ತು ಕಪ್ಪು ಮಣ್ಣುಗಳೆರಡೂ ಇವೆ. ಒಣಗಿದ ಜಂಬಿಟ್ಟಿಗೆ ನೆಲ ವಿದ್ಯುತ್ತನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಕಪ್ಪು ಮಣ್ಣು ಹಸಿಯಾಗಿದ್ದಾಗ ಒಳ್ಳೆಯ ವಾಹಕವಾದರೂ ಬೇಸಿಗೆಯಲ್ಲಿ ಬಿರುಕು ಬಿಟ್ಟು ನೆಲಸಂಪರ್ಕದ ಕೊಳವೆಯಿಂದ ಕಳಚಿಕೊಳ್ಳಬಹುದು.

ನಾಲ್ಕನೆಯದು ಕುಟುಂಬದ ರಚನೆ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಯನ್ನು ಎರಡು ಮೂರು ಮನೆಗಳಾಗಿ ಹಂಚಿಕೊಳ್ಳುವುದು ಸಾಮಾನ್ಯ. ಗೋಡೆ ಬೇರೆಯಾದರೂ ಫಲಕ ಮಾತ್ರ ಒಂದೇ ಆಗಿ ಉಳಿದು ಅದರಿಂದಲೇ ಎಲ್ಲ ಪಾಲುಗಳಿಗೂ ತಂತಿ ಎಳೆಯಲಾಗಿರುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಗಳಲ್ಲಿಯೂ ಇದೇ ಸ್ಥಿತಿ. ಒಂದು ಅಡುಗೆಮನೆಗೆ ಹಾಕಿದ್ದ ತಂತಿ ಹೀಗೆ ಮೂರು ಅಡುಗೆಮನೆಗಳ ಹೊರೆಯನ್ನು ಹೊರಬೇಕಾಗುತ್ತದೆ.

ಫಲಕ ಕಾಯುವುದು ಏನನ್ನು

ಎಂ.ಸಿ.ಬಿ. ಅಥವಾ ಫ್ಯೂಸ್ ಉಪಕರಣವನ್ನು ಕಾಯುತ್ತದೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ಆಂಪಿಯರಿನ ಜಾಗದಲ್ಲಿ 16 ಆಂಪಿಯರ್ ಹರಿದರೆ ಶಾಖ 1.6 ಪಟ್ಟು ಆಗುವುದಿಲ್ಲ, 2.56 ಪಟ್ಟು ಆಗುತ್ತದೆ. ಆದ್ದರಿಂದ ಎಂ.ಸಿ.ಬಿ. ಪದೇ ಪದೇ ಬೀಳುತ್ತದೆಂದು ತಂತಿಯನ್ನು ಹಾಗೆಯೇ ಬಿಟ್ಟು ದೊಡ್ಡ ಎಂ.ಸಿ.ಬಿ. ಹಾಕುವುದು ನವೀಕರಣವಾಗುವುದಿಲ್ಲ, ಅದು ಇದ್ದ ರಕ್ಷಣೆಯನ್ನು ತೆಗೆದುಹಾಕಿದಂತೆ. ಕೊಳವೆಯಲ್ಲಿ ಹಾಕಿದ ತಾಮ್ರದ ತಂತಿಗೆ ಸಾಮಾನ್ಯವಾಗಿ ಹೀಗೆ ಜೋಡಿ ಮಾಡಲಾಗುತ್ತದೆ:

- 1.5 ಚದರ ಮಿ.ಮೀ. ತಂತಿ: ದೀಪ, ಫ್ಯಾನು, 6 ಅಥವಾ 10 ಆಂಪಿಯರ್ ಎಂ.ಸಿ.ಬಿ.
- 2.5 ಚದರ ಮಿ.ಮೀ. ತಂತಿ: ಅಡುಗೆಮನೆಯ ಸಾಕೆಟ್, ಗೀಜರ್, 16 ಆಂಪಿಯರ್
- 4 ಚದರ ಮಿ.ಮೀ. ತಂತಿ: ಹವಾನಿಯಂತ್ರಕ; 20 ಆಂಪಿಯರ್

ಅದೇ ದಪ್ಪದ ಅಲ್ಯೂಮಿನಿಯಂ ತಂತಿ ತಾಮ್ರಕ್ಕಿಂತ ಕಡಿಮೆ ಪ್ರವಾಹವನ್ನು ಹೊರುತ್ತದೆ. ಅದರ ಜೋಡಣೆಗಳು ಕಾಲಕ್ರಮದಲ್ಲಿ ಸಡಿಲಗೊಂಡು ಬಿಸಿಯಾಗುವ ಸಂಭವವೂ ಹೆಚ್ಚು.

ತಂತಿ ಕಟ್ಟುವ ಪಿಂಗಾಣಿ ಫ್ಯೂಸು ತನ್ನ ಗುರುತಿನ ಪ್ರವಾಹದ ಸುಮಾರು ಎರಡರಷ್ಟು ಹರಿಯುವವರೆಗೂ ಸುಡದೆ ಉಳಿಯಬಹುದು. ಎಂ.ಸಿ.ಬಿ.ಯಾದರೆ ಗುರುತಿನ ಪ್ರವಾಹದ 1.45 ಪಟ್ಟು ಹರಿದಾಗ ಒಂದು ಗಂಟೆಯೊಳಗೆ ಬೀಳಲೇಬೇಕೆಂಬುದು ಅದರ ಮಾನಕ. ಫ್ಯೂಸಿಗೆ ಸರಿಯಾದ ತಂತಿ ಸಿಗದಾಗ ತಾಮ್ರದ ಎಳೆಗಳನ್ನು ಹೊಸೆದು ಕಟ್ಟುವ ರೂಢಿಯಿಂದ ಅದು ಫ್ಯೂಸಾಗಿ ಉಳಿಯುವುದೇ ಇಲ್ಲ.

ಇವೆರಡೂ ಮನುಷ್ಯರನ್ನು ವಿದ್ಯುದಾಘಾತದಿಂದ ನೇರವಾಗಿ ಕಾಯಲಾರವು. ಪ್ರಾಣ ತೆಗೆಯಬಲ್ಲ ಪ್ರವಾಹವನ್ನು ಆಂಪಿಯರಿನ ಸಾವಿರದ ಭಾಗಗಳಲ್ಲಿ ಅಳೆಯಲಾಗುತ್ತದೆ. 6 ಆಂಪಿಯರಿನ ಚಿಕ್ಕ ಎಂ.ಸಿ.ಬಿ.ಗೂ ಅದು ಗಮನಕ್ಕೆ ಬಾರದಷ್ಟು ಅಲ್ಪ. ಈ ಕೆಲಸವನ್ನು ಮಾಡುವುದು 30 ಮಿಲಿಆಂಪಿಯರಿನ ಸೋರಿಕೆ ರಕ್ಷಕ. ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಾವಳಿಯು ಚಿಕ್ಕ ಹೊರೆಯ ಸ್ಥಾವರಗಳಿಗೆ ವಿನಾಯಿತಿ ನೀಡಿ ಉಳಿದವುಗಳಿಗೆ ಸೋರಿಕೆ ರಕ್ಷಣೆಯನ್ನು ವಿಧಿಸುತ್ತದೆ. ಮನೆಗಳಿಗೆ ಅದರ ಮಿತಿ 30 ಮಿಲಿಆಂಪಿಯರ್. ವಿನಾಯಿತಿಯೊಳಗೆ ಬರುವ ಸಣ್ಣ ಮನೆಯಲ್ಲಿಯೂ ಆಘಾತದ ಅಪಾಯ ಅಷ್ಟೇ ಇರುವುದರಿಂದ ಅಲ್ಲಿಯೂ ಸೋರಿಕೆ ರಕ್ಷಕ ಉಪಯುಕ್ತವೇ.

ನೆಲಸಂಪರ್ಕ

ಕಂಬದಿಂದ ಮನೆಗೆ ಎರಡೇ ತಂತಿ ಬರುವ ವ್ಯವಸ್ಥೆಯಲ್ಲಿ ಮೂರನೆಯದಾದ ನೆಲಸಂಪರ್ಕವನ್ನು ಮನೆಯವರೇ ಮಾಡಿಕೊಳ್ಳಬೇಕಾಗುತ್ತದೆ. ಅಂಗಳದಲ್ಲಿ ಗುಂಡಿ ತೋಡಿ ಸುಮಾರು 2.5 ಮೀಟರ್ ಉದ್ದದ ಕೊಳವೆಯನ್ನು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಅಲ್ಲಿಂದ ಫಲಕಕ್ಕೆ ತಂತಿ ತರುವುದು ರೂಢಿಯ ಕ್ರಮ. ಇದರ ಭಾರತೀಯ ಮಾನಕ ಐ.ಎಸ್. 3043.

ಒಣ ನೆಲದಲ್ಲಿ ಗುಂಡಿ ಇದ್ದ ಮಾತ್ರಕ್ಕೆ ರಕ್ಷಣೆ ದೊರೆಯುವುದಿಲ್ಲ ಎಂಬುದನ್ನು ಒಂದು ಲೆಕ್ಕ ತೋರಿಸುತ್ತದೆ. ಕೂಲರಿನೊಳಗೆ ಫೇಸ್ ತಂತಿ ಕಳಚಿ ಅದರ ಮೈಗೆ ತಗುಲಿತೆಂದೂ, ಮನೆಯ ಗುಂಡಿಯಿಂದ ಟ್ರಾನ್ಸ್‌ಫಾರ್ಮರಿನ ನೆಲಸಂಪರ್ಕದವರೆಗಿನ ಒಟ್ಟು ನಿರೋಧ 20 ಓಮ್ ಎಂದೂ ಇಟ್ಟುಕೊಂಡರೆ, ನೆಲದ ಮೂಲಕ ಹರಿಯುವ ಪ್ರವಾಹ 230ನ್ನು 20ರಿಂದ ಭಾಗಿಸಿದಾಗ ಬರುವ 11.5 ಆಂಪಿಯರ್. ಆ ಶಾಖೆಯ 16 ಆಂಪಿಯರಿನ ಎಂ.ಸಿ.ಬಿ.ಗೆ ಇದು ಮಾಮೂಲಿನ ಹೊರೆಯಂತೆ ಕಾಣುವುದರಿಂದ ಅದು ಬೀಳುವುದಿಲ್ಲ. ಕೂಲರಿನ ಮೈ ಅಪಾಯಕರ ವೋಲ್ಟೇಜಿನಲ್ಲಿಯೇ ಉಳಿಯುತ್ತದೆ. ಅದೇ ಮನೆಯಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವಿದ್ದರೆ, ತನಗೆ ಬೇಕಾದುದಕ್ಕಿಂತ ನೂರಾರು ಪಟ್ಟು ಹೆಚ್ಚಿನ ಈ ಸೋರಿಕೆಯನ್ನು ಕಂಡು ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ.

ಹುಮನಾಬಾದಿನಂಥ ಜಂಬಿಟ್ಟಿಗೆ ನೆಲದಲ್ಲಿ ಸೋರಿಕೆ ರಕ್ಷಕಕ್ಕೆ ಮೊದಲ ಆದ್ಯತೆ ಸಲ್ಲುವುದು ಈ ಕಾರಣದಿಂದ. ನೆಲಸಂಪರ್ಕವನ್ನು ಕೈಬಿಡಬಹುದೆಂದು ಇದರ ಅರ್ಥವಲ್ಲ. ನೆಲಸಂಪರ್ಕವಿದ್ದರೆ ದೋಷ ಹುಟ್ಟಿದ ಕೂಡಲೇ ರಕ್ಷಕ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆಯೇ ಬೀಳುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ನೀರುಣಿಸುವುದು ಮತ್ತು ನೆಲದ ನಿರೋಧವನ್ನು ಉಪಕರಣದಿಂದ ಅಳೆಯಿಸುವುದು ಆಗಾಗ ನಡೆಯಬೇಕಾದ ಕೆಲಸಗಳು.

ಹೊರೆಯ ಲೆಕ್ಕ

ನಿರ್ಧಾರದ ಮೊದಲ ಹೆಜ್ಜೆ ಉಪಕರಣಗಳ ಪಟ್ಟಿ. ಮಧ್ಯಮ ವರ್ಗದ ಒಂದು ಮನೆಯನ್ನು ಮಾದರಿಯಾಗಿ ಕಲ್ಪಿಸಿಕೊಂಡರೆ ಅದರ ಹೊರೆ ಹೀಗಿರಬಹುದು:

- 9 ವ್ಯಾಟಿನ 10 ಎಲ್.ಇ.ಡಿ. ದೀಪಗಳು: 90 ವ್ಯಾಟ್
- 75 ವ್ಯಾಟಿನ 4 ಫ್ಯಾನುಗಳು: 300 ವ್ಯಾಟ್
- ದೂರದರ್ಶನ: 100 ವ್ಯಾಟ್
- ಫ್ರಿಜ್: 200 ವ್ಯಾಟ್
- ಕೂಲರ್: 200 ವ್ಯಾಟ್
- ಮಿಕ್ಸರ್: 750 ವ್ಯಾಟ್
- ಇಸ್ತ್ರಿ ಪೆಟ್ಟಿಗೆ: 1000 ವ್ಯಾಟ್
- ಒಂದು ಅಶ್ವಶಕ್ತಿಯ ನೀರಿನ ಮೋಟಾರು: ಸುಮಾರು 1000 ವ್ಯಾಟ್
- ಗೀಜರ್: 2000 ವ್ಯಾಟ್

ಒಟ್ಟು 5640 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 24.5 ಆಂಪಿಯರ್. ಎಲ್ಲವೂ ಏಕಕಾಲದಲ್ಲಿ ನಡೆಯುವುದಿಲ್ಲ. ಬೆಳಗಿನ ಹೊತ್ತು ಗೀಜರ್, ಮೋಟಾರು, ಮಿಕ್ಸರ್ ಮತ್ತು 500 ವ್ಯಾಟಿನಷ್ಟು ಇತರ ಬಳಕೆ ಸೇರಿದರೆ 4250 ವ್ಯಾಟ್, ಅಂದರೆ ಸುಮಾರು 18.5 ಆಂಪಿಯರ್ ಆಗುತ್ತದೆ. ಹಳೆಯ 15 ಆಂಪಿಯರಿನ ಮುಖ್ಯ ಸ್ವಿಚ್ಚು ಮತ್ತು ಫ್ಯೂಸಿಗೆ ಇದು ಮಿತಿಮೀರಿದ ಹೊರೆ. ಆದರೂ ಫ್ಯೂಸು ಸುಡದೆ ಇರಬಹುದು. ದಿನವೂ ಬಿಸಿಯಾಗುತ್ತಾ ಹೋಗುವುದು ಜೋಡಣೆಗಳು. ಇದೇ ಮನೆಗೆ ಒಂದೂವರೆ ಟನ್ನಿನ, 1700 ವ್ಯಾಟಿನ ಹವಾನಿಯಂತ್ರಕ ಬಂದು ಅದೂ ಅದೇ ವೇಳೆಯಲ್ಲಿ ನಡೆದರೆ 5950 ವ್ಯಾಟ್, ಸುಮಾರು 26 ಆಂಪಿಯರ್ ಆಗುತ್ತದೆ. ಅಂಥ ಮನೆಗೆ ಶಾಖೆಗಳನ್ನು ಸರಿಯಾಗಿ ವಿಂಗಡಿಸಿದ, 32 ಅಥವಾ 40 ಆಂಪಿಯರಿನ ಮುಖ್ಯ ಸ್ವಿಚ್ಚಿನ ಫಲಕ ಸಾಕಾಗುತ್ತದೆ. ಮುಖ್ಯ ಸ್ವಿಚ್ಚಿನ ಮುಂದೆ ಬರುವ ಸರ್ವಿಸ್ ತಂತಿ ಮತ್ತು ಮೀಟರ್ ಕೂಡ ಆ ಪ್ರವಾಹಕ್ಕೆ ತಕ್ಕವಾಗಿರಬೇಕು.

ಯೂನಿಟ್ಟುಗಳ ಲೆಕ್ಕವನ್ನೂ ಹೊರೆಯ ಲೆಕ್ಕವನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಕರ್ನಾಟಕ ಸರ್ಕಾರ 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ಗಳ ಮಿತಿಯಿದೆ. ಆ ಮಿತಿಯೊಳಗಿರುವ ಮನೆಯ ಫಲಕವೂ ಸುರಕ್ಷಿತವಾಗಿದೆ ಎನ್ನಲಾಗದು. 2000 ವ್ಯಾಟಿನ ಗೀಜರ್ ಕಾಲು ಗಂಟೆ ಉರಿದರೆ ಖರ್ಚಾಗುವುದು ಅರ್ಧ ಯೂನಿಟ್ ಮಾತ್ರ. ಆ ಕಾಲು ಗಂಟೆಯಲ್ಲಿ ತಂತಿ ಹೊರುವುದು 8.7 ಆಂಪಿಯರ್. ಬಿಲ್ಲು ತಿಂಗಳ ಮೊತ್ತವನ್ನು ನೋಡುತ್ತದೆ, ತಂತಿಯನ್ನು ಬಿಸಿಮಾಡುವುದು ಆ ಹೊತ್ತಿನ ಪ್ರವಾಹ.

ನವೀಕರಣ ಅಗತ್ಯವೆಂದು ಸೂಚಿಸುವ ಲಕ್ಷಣಗಳು

- ಫಲಕ, ಸ್ವಿಚ್ಚು ಅಥವಾ ಸಾಕೆಟ್ ಮುಟ್ಟಿದರೆ ಬಿಸಿ ಹತ್ತುವುದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕಪ್ಪು ಕಲೆ, ಚಟಪಟ ಸದ್ದು. ಇವು ಕಂಡರೆ ಮುಖ್ಯ ಸ್ವಿಚ್ಚನ್ನು ಆರಿಸಿ ಪರಿಣತರನ್ನು ಕರೆಸುವವರೆಗೆ ಬಳಕೆ ನಿಲ್ಲಿಸಬೇಕಾಗುತ್ತದೆ.
- ನಲ್ಲಿ, ಗೀಜರ್, ಕೂಲರ್ ಅಥವಾ ಫ್ರಿಜ್ ಮುಟ್ಟಿದಾಗ ಕೈ ಜುಮ್ಮೆನ್ನುವುದು.
- ಮನೆಯಲ್ಲಿ ಸೋರಿಕೆ ರಕ್ಷಕವೇ ಇಲ್ಲದಿರುವುದು, ಅಥವಾ ಇದ್ದುದನ್ನು ತಂತಿಯಿಂದ ಬಳಸಿ ದಾಟಿಸಿರುವುದು.
- ಪಿಂಗಾಣಿ ಫ್ಯೂಸುಗಳನ್ನು ನ್ಯೂಟ್ರಲ್ ತಂತಿಗೂ ಹಾಕಿರುವುದು. ನ್ಯೂಟ್ರಲ್ ಫ್ಯೂಸು ಮಾತ್ರ ಸುಟ್ಟರೆ ದೀಪ ಆರುತ್ತದೆ. ಸಾಕೆಟ್ಟಿನಲ್ಲಿ ಫೇಸ್ ಜೀವಂತವಾಗಿಯೇ ಇರುತ್ತದೆ.
- ದೀಪದ ಶಾಖೆಯಿಂದಲೇ ಗೀಜರ್ ಅಥವಾ ಮೋಟಾರಿಗೆ ತಂತಿ ಎಳೆದಿರುವುದು.
- ಒಂದೇ ಫಲಕದಿಂದ ಹಲವು ಪಾಲುಗಳಿಗೆ ಸಂಪರ್ಕ ಕೊಟ್ಟಿರುವುದು.

ನವೀಕರಣ ಬೇಡವಾದ ಸಂದರ್ಭಗಳು

ಫಲಕ ಹಳೆಯದು ಎಂಬುದೊಂದೇ ಬದಲಾವಣೆಗೆ ಸಾಕಾದ ಕಾರಣವಲ್ಲ. ತಾಮ್ರದ ತಂತಿ, ಸರಿಯಾದ ಎಂ.ಸಿ.ಬಿ.ಗಳು ಮತ್ತು ಒಳ್ಳೆಯ ನೆಲಸಂಪರ್ಕ ಇರುವ ಮನೆಯಲ್ಲಿ ಸೋರಿಕೆ ರಕ್ಷಕವನ್ನಷ್ಟೇ ಸೇರಿಸಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚಿನ ಪ್ರಯೋಜನ ದೊರೆಯುತ್ತದೆ. ಒಂದೇ ಶಾಖೆಯ ಎಂ.ಸಿ.ಬಿ. ಬೀಳುತ್ತಿದ್ದರೆ ದೋಷ ಆ ಶಾಖೆಯ ಉಪಕರಣದಲ್ಲಿ ಇರಬಹುದು. ಉಪಕರಣಗಳನ್ನು ಒಂದೊಂದಾಗಿ ತೆಗೆದು ನೋಡಿ ಅದನ್ನು ಪತ್ತೆ ಮಾಡಬಹುದು. ಹೊಸದಾಗಿ ಗೀಜರ್ ಒಂದೇ ಬಂದಿದ್ದರೆ ಫಲಕದಲ್ಲಿ ಖಾಲಿ ಜಾಗವಿದ್ದಲ್ಲಿ ಅದಕ್ಕೆ ಪ್ರತ್ಯೇಕ ತಂತಿ ಮತ್ತು ಎಂ.ಸಿ.ಬಿ. ಹಾಕಿದರೆ ಸಾಕು. ಗೀಜರ್ ನಡೆಯುವಾಗ ಮೋಟಾರು ಹಾಕದಿರುವಂಥ ಸರಳ ಶಿಸ್ತು ಕೂಡ ಏಕಕಾಲದ ಹೊರೆಯನ್ನು ಗಣನೀಯವಾಗಿ ಇಳಿಸುತ್ತದೆ.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಒಳತಂತಿ ಜೀರ್ಣವಾಗಿರುವ ಮನೆಗೆ ಹೊಳೆಯುವ ಹೊಸ ಫಲಕವನ್ನು ಮಾತ್ರ ಕೂಡಿಸಿದರೆ ಮನೆಯವರಿಗೆ ಸುಳ್ಳು ಭರವಸೆ ಮೂಡುತ್ತದೆ. ಅಲ್ಲಿ ಹಣ ಮೊದಲು ಸಲ್ಲಬೇಕಾದುದು ತಂತಿಗೆ. ಎಲ್ಲವನ್ನೂ ಒಮ್ಮೆಗೇ ಮಾಡಿಸಲಾಗದ ಕುಟುಂಬಗಳು ಸೋರಿಕೆ ರಕ್ಷಕ ಮತ್ತು ನೆಲಸಂಪರ್ಕ ಮೊದಲು, ಸುಟ್ಟ ಹಾಗೂ ಸಡಿಲ ಜೋಡಣೆಗಳ ದುರಸ್ತಿ ಅದರ ಜೊತೆಗೆ, ಅಡುಗೆಮನೆ ಮತ್ತು ಸ್ನಾನಗೃಹದ ತಂತಿ ಆಮೇಲೆ, ಉಳಿದ ಕೋಣೆಗಳು ಕೊನೆಗೆ ಎಂಬ ಕ್ರಮವನ್ನು ಅನುಸರಿಸಬಹುದು.

ಮಂಜೂರಾದ ಹೊರೆ ಮತ್ತು ಕಚೇರಿಯ ಕ್ರಮ

ಪ್ರತಿ ಸಂಪರ್ಕಕ್ಕೂ ಆರ್.ಆರ್. ಸಂಖ್ಯೆ ಮತ್ತು ಕಿಲೋವ್ಯಾಟಿನಲ್ಲಿ ನಮೂದಿಸಿದ ಮಂಜೂರಾದ ಹೊರೆ ಇರುತ್ತವೆ. ಎರಡೂ ಬಿಲ್ಲಿನ ಮೇಲೆ ಕಾಣುತ್ತವೆ. 1 ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಮಾತ್ರ. ಹಿಂದೆ 1 ಕಿಲೋವ್ಯಾಟಿಗೆ ಮಂಜೂರಾತಿ ಪಡೆದ ಮನೆಯಲ್ಲಿ ಇಂದು ಗೀಜರ್ ಒಂದೇ ಅದರ ಎರಡರಷ್ಟು ಹೊರೆ ಎಳೆಯುತ್ತದೆ. ಫಲಕವನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಮಂಜೂರಾದ ಹೊರೆ ಹೆಚ್ಚುವುದಿಲ್ಲ. ಅದಕ್ಕಾಗಿ ಜೆಸ್ಕಾಂಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ. ನಿಗದಿತ ಶುಲ್ಕವನ್ನು ಮಂಜೂರಾದ ಕಿಲೋವ್ಯಾಟಿನ ಮೇಲೆ ಲೆಕ್ಕ ಹಾಕುವುದರಿಂದ ಅಗತ್ಯಕ್ಕಿಂತ ಹೆಚ್ಚು ಹೊರೆಗೆ ಅರ್ಜಿ ಹಾಕಿದರೂ ನಷ್ಟವೇ. ಹೊರೆ ಸಿಂಗಲ್ ಫೇಸಿನ ಮಿತಿಯನ್ನು ದಾಟಿದರೆ ಮೂರು ಫೇಸಿನ ಸಂಪರ್ಕ, ಮೀಟರ್ ಮತ್ತು ಫಲಕ ಬೇಕಾಗುತ್ತವೆ.

ಮಂಜೂರಾದ ಹೊರೆಯನ್ನು ಹಲವು ಮನೆಗಳು ಒಟ್ಟಾಗಿ ಮೀರಿದಾಗ ಅದರ ಪರಿಣಾಮ ಬೀದಿಯ ಟ್ರಾನ್ಸ್‌ಫಾರ್ಮರಿನ ಮೇಲೆ ಆಗುತ್ತದೆ. ಕಂಪನಿಯ ದಾಖಲೆಯಲ್ಲಿ ಕಡಿಮೆ ಹೊರೆ ಇರುವಲ್ಲಿ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಹೆಚ್ಚಿಸಲು ಆಧಾರವೇ ದೊರೆಯುವುದಿಲ್ಲ. ಬೇಸಿಗೆಯ ಸಂಜೆ ವೋಲ್ಟೇಜ್ ಕುಸಿಯುವುದಕ್ಕೆ ಇದೂ ಒಂದು ಕಾರಣ; ಅದು ಮನೆಯ ಫಲಕ ಬದಲಿಸುವುದರಿಂದ ಸರಿಹೋಗುವ ದೋಷವಲ್ಲ.

ಮೀಟರ್ ಮತ್ತು ಅದರ ಹಿಂದಿನ ಸರ್ವಿಸ್ ತಂತಿ ಕಂಪನಿಯ ಉಸ್ತುವಾರಿಗೆ ಒಳಪಟ್ಟಿದ್ದು, ಮೀಟರಿನ ಮುದ್ರೆ ಮುರಿಯುವುದು ಅಪರಾಧ. ಮೀಟರಿನ ನಂತರದ ವ್ಯವಸ್ಥೆಯ ಹೊಣೆ ಮನೆಯವರದು. ಆ ಕೆಲಸವನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕೆಂಬುದು ನಿಯಮ. ಬಸವಕಲ್ಯಾಣ ಮತ್ತು ಹುಮನಾಬಾದ್ ಎರಡರಲ್ಲಿಯೂ ಜೆಸ್ಕಾಂ ಕಚೇರಿಗಳಿವೆ. ದೂರುಗಳಿಗೆ 1912 ಸಹಾಯವಾಣಿ ಇದೆ. ಪಾಲಾದ ಮನೆಗಳಲ್ಲಿ ಪ್ರತಿ ಪಾಲಿಗೂ ಪ್ರತ್ಯೇಕ ಸಂಪರ್ಕ ಮತ್ತು ಫಲಕ ಇದ್ದರೆ ಸುರಕ್ಷತೆಯ ಜೊತೆಗೆ ಬಿಲ್ಲಿನ ತಕರಾರುಗಳೂ ಕಡಿಮೆಯಾಗುತ್ತವೆ.

ಅಳವಡಿಕೆ ಮತ್ತು ಪರೀಕ್ಷೆ

ಫಲಕವನ್ನು ಒಣ ಗೋಡೆಯ ಮೇಲೆ, ಕೈಗೆಟಕುವ ಎತ್ತರದಲ್ಲಿ, ಸ್ನಾನಗೃಹದಿಂದ ಮತ್ತು ಗ್ಯಾಸ್ ಸಿಲಿಂಡರಿನಿಂದ ದೂರದಲ್ಲಿ ಇಡಲಾಗುತ್ತದೆ. ಮುಂದಿನ ಅಗತ್ಯಕ್ಕೆ ಎರಡು ಮೂರು ಜಾಗಗಳನ್ನು ಖಾಲಿ ಬಿಡುವುದು ಮತ್ತು ಯಾವ ಸ್ವಿಚ್ಚು ಯಾವ ಕೋಣೆಯದೆಂದು ಕನ್ನಡದಲ್ಲಿ ಬರೆದು ಅಂಟಿಸುವುದು ಒಳ್ಳೆಯ ಪದ್ಧತಿ. ಆಪತ್ತಿನ ಸಮಯದಲ್ಲಿ ಮನೆಯ ಯಾರಾದರೂ ಅದನ್ನು ಓದಿಕೊಂಡು ಸಂಪರ್ಕ ಕಡಿಯಬಹುದು. ಸಾಧನಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತು ಇರಬೇಕು.

ಹಳೆಯ ತಂತಿಯ ಮನೆಗೆ ಸೋರಿಕೆ ರಕ್ಷಕ ಹಾಕಿದ ಮೇಲೆ ಅದು ಆಗಾಗ ಬೀಳುವುದುಂಟು. ತೇವ ಹಿಡಿದ ಜೋಡಣೆ, ಹಾಳಾದ ಗೀಜರಿನ ಕಾಯಿಲ್ ಅಥವಾ ಒಂದಕ್ಕೊಂದು ಬೆರೆತ ನ್ಯೂಟ್ರಲ್ ತಂತಿಗಳು ಇದಕ್ಕೆ ಕಾರಣ. ಕಿರಿಕಿರಿಯೆಂದು ರಕ್ಷಕವನ್ನು ತೆಗೆಸಿಬಿಡುವವರೂ ಇದ್ದಾರೆ. ಅದು ಬೀಳುತ್ತಿರುವುದೇ ಮನೆಯಲ್ಲಿ ಎಲ್ಲೋ ಸೋರಿಕೆಯಿದೆ ಎಂಬುದಕ್ಕೆ ಸೂಚನೆ. ರಕ್ಷಕದ ಮೇಲಿನ 'ಟಿ' ಗುಂಡಿಯನ್ನು ತಯಾರಕರು ಸೂಚಿಸಿದ ಅವಧಿಗೊಮ್ಮೆ ಒತ್ತಿ ನೋಡಬೇಕು. ಒತ್ತಿದಾಗ ಬೀಳದ ರಕ್ಷಕವನ್ನು ಬದಲಿಸಬೇಕು.

ಇನ್ವರ್ಟರ್ ಮತ್ತು ಸೌರ ವಿದ್ಯುತ್ತು

ಇನ್ವರ್ಟರ್ ಇರುವ ಮನೆಗಳಲ್ಲಿ ಮುಖ್ಯ ಸ್ವಿಚ್ಚು ಆರಿಸಿದರೂ ಕೆಲವು ಶಾಖೆಗಳು ಬ್ಯಾಟರಿಯಿಂದ ಜೀವಂತವಾಗಿರುತ್ತವೆ. ಇನ್ವರ್ಟರಿನ ಶಾಖೆಗಳಿಗೆ ಪ್ರತ್ಯೇಕ ನ್ಯೂಟ್ರಲ್ ಮತ್ತು ಪ್ರತ್ಯೇಕ ಸೋರಿಕೆ ರಕ್ಷಕ ಇಲ್ಲದಿದ್ದರೆ ರಕ್ಷಣೆ ಅಪೂರ್ಣ. ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಚಾವಣಿಯ ಸೌರಫಲಕಗಳಿಗೆ 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟವಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಸೌರ ವ್ಯವಸ್ಥೆಯೂ ಮನೆಯ ಫಲಕಕ್ಕೇ ಬಂದು ಕೂಡುವುದರಿಂದ ಅದನ್ನು ಹಾಕಿಸುವ ಸಮಯವೇ ಫಲಕದ ಪರಿಶೀಲನೆಗೆ ಅನುಕೂಲವಾದ ಸಮಯ. ಮಳೆಗಾಲದ ಮುನ್ನಿನ ಸಿಡಿಲಿನಿಂದ ಉಪಕರಣಗಳನ್ನು ಕಾಯುವ ಸರ್ಜ್ ನಿರೋಧಕವನ್ನೂ ಆಗಲೇ ಸೇರಿಸಬಹುದು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಮನೆಗಳಿಗೆ 120 ಮತ್ತು 240 ವೋಲ್ಟುಗಳ ಪೂರೈಕೆ ಇದ್ದು, 100 ಆಂಪಿಯರಿನ ಫಲಕವನ್ನು 200 ಆಂಪಿಯರಿಗೆ ಏರಿಸುವುದು ಅಲ್ಲಿಯ ರೂಢಿಯ ನವೀಕರಣ. ಆ ಸಂಖ್ಯೆಗಳು ಭಾರತದ ಮನೆಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಬಳಕೆಯಲ್ಲಿರುವ ಸೋರಿಕೆ ರಕ್ಷಕವನ್ನು ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ರೂಪಿಸಿದರು. ಮನುಷ್ಯದೇಹ ಎಷ್ಟು ಪ್ರವಾಹವನ್ನು ತಾಳಬಲ್ಲದು ಎಂಬುದು ಅವರ ಸಂಶೋಧನೆಯ ವಿಷಯವಾಗಿತ್ತು. ದೇಶದಿಂದ ದೇಶಕ್ಕೆ ವೋಲ್ಟೇಜ್ ಬೇರೆಯಾದರೂ ತಂತಿಗೆ ತಕ್ಕ ಎಂ.ಸಿ.ಬಿ., ಮನುಷ್ಯರಿಗೆ ಸೋರಿಕೆ ರಕ್ಷಕ ಎಂಬ ತತ್ವ ಎಲ್ಲೆಡೆಯೂ ಒಂದೇ.

ಇವನ್ನೂ ನೋಡಿ

- ವಿದ್ಯುತ್ ಪ್ರವಾಹ
- ಓಮ್‌ನ ನಿಯಮ
- ಫ್ಯೂಸ್
- ವಿದ್ಯುದಾಘಾತ
- ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿ
- ಬಸವಕಲ್ಯಾಣ
- ಹುಮನಾಬಾದ್